ಸೋಂಕಿನ ಜಾಡು: ಪಿ-ಸಂಖ್ಯೆಯಿಂದ ಒಳಚರಂಡಿಯವರೆಗೆ

ಬೆಂಗಳೂರು ಮಹಾನಗರ ಪಾಲಿಕೆಯ ಹಳೆಯ 198 ವಾರ್ಡುಗಳ ಪಟ್ಟಿಯಲ್ಲಿ ನಮ್ಮ ಕೋಣನಕುಂಟೆಯದು 195ನೆಯ ಸಾಲು. 2020ರಲ್ಲಿ ಕೋವಿಡ್ ಹರಡುತ್ತಿದ್ದಾಗ ನಾವೆಲ್ಲ ಬೆಳಿಗ್ಗೆ ಎದ್ದು ಮೊದಲು ಹುಡುಕುತ್ತಿದ್ದದ್ದು ‘ನಮ್ಮ ವಾರ್ಡಿನಲ್ಲಿ ಎಷ್ಟು?’ ಎಂಬುದನ್ನೇ. ಆ ಪಟ್ಟಿ ‘ಎಷ್ಟು’ ಎಂದಷ್ಟೇ ಹೇಳುತ್ತಿತ್ತು. ‘ಎಲ್ಲಿಂದ’ ಎನ್ನುವುದಕ್ಕೆ ಬೇರೆಯದೇ ದುಡಿಮೆ ಬೇಕಿತ್ತು.

ಕರ್ನಾಟಕಕ್ಕೆ ಆ ದುಡಿಮೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಸತ್ತ ಮಂಗ, ಉಣುಗು, ಜ್ವರದಿಂದ ಮಲಗಿದ ಮನುಷ್ಯ, ಈ ಮೂರನ್ನೂ ಜೋಡಿಸಿ ಹೊಸ ವೈರಸ್ಸನ್ನೇ ಗುರುತಿಸಿದರು.

ಕೋವಿಡ್ ಬಂದಾಗ ಆರೋಗ್ಯ ಇಲಾಖೆಯ ದಿನದ ಬುಲೆಟಿನ್ ಪ್ರತಿ ಸೋಂಕಿತರಿಗೂ ಒಂದು ಪಿ-ಸಂಖ್ಯೆ ಕೊಟ್ಟಿತು. ಪಕ್ಕದಲ್ಲಿ ವಯಸ್ಸು, ಜಿಲ್ಲೆ, ಕೊನೆಗೆ ‘ಪಿ-ಇಂತಿಷ್ಟರ ಸಂಪರ್ಕ’. ಈ ಕೊನೆಯ ಕಲಮೇ ಬಂಗಾರ. ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆ ಮನೆ ಅಲೆದು, ಬೈಸಿಕೊಂಡು, ಮಾಹಿತಿ ತಂದರು. ನಂಜನಗೂಡಿನ ಔಷಧ ಕಾರ್ಖಾನೆಯ ಸೋಂಕಿನ ಸರಪಳಿಯನ್ನು ನಾಡು ನೋಡಿದ್ದು ಈ ಪಿ-ಸಂಖ್ಯೆಗಳಲ್ಲೇ. ಬರಬರುತ್ತ ಆ ಕಲಮಿನಲ್ಲಿ ‘ಸಂಪರ್ಕ ಪತ್ತೆ ಮಾಡಲಾಗುತ್ತಿದೆ’ ಎಂಬ ಮಾತೇ ಹೆಚ್ಚಾಯಿತು.

ಅಲ್ಲಿ ನೆರವಿಗೆ ಬಂದದ್ದು ಜೀನೋಮ್ ಸೀಕ್ವೆನ್ಸಿಂಗ್. ಈ ವೈರಸ್ಸಿನ ಆರ್‌ಎನ್‌ಎ ಸುಮಾರು 30,000 ಅಕ್ಷರ ಉದ್ದ. ಹರಡುತ್ತ ಹೋದಂತೆ ತಿಂಗಳಿಗೆ ಒಂದೆರಡು ಅಕ್ಷರ ತಪ್ಪುತ್ತದೆ. ಪಕ್ಕದವನ ಉತ್ತರ ಪತ್ರಿಕೆ ನೋಡಿ ಬರೆದ ಹುಡುಗ ಅದೇ ತಪ್ಪು ಮಾಡಿ ಸಿಕ್ಕಿಬೀಳುವಂತೆ, ಇಬ್ಬರಲ್ಲಿ ಒಂದೇ ತಪ್ಪು ಕಂಡರೆ ನಂಟು ಹತ್ತಿರದ್ದು. 2020ರ ಮೇ 21ರವರೆಗೆ ರಾಜ್ಯದಲ್ಲಿದ್ದದ್ದು 1,578 ಪ್ರಕರಣ. ಅವುಗಳಲ್ಲಿ 91 ಮಾದರಿಗಳನ್ನು ನಿಮ್ಹಾನ್ಸ್ ತಂಡ ಓದಿದಾಗ ಏಳು ಕವಲು ಕಂಡವು. ಅಂದರೆ ವೈರಸ್ ಒಂದೇ ಬಾಗಿಲಿನಿಂದ ಬಂದಿರಲಿಲ್ಲ. ಸಂಪರ್ಕದ 17 ಗುಂಪುಗಳ ಪೈಕಿ 14ರಲ್ಲಿ ಒಂದೊಂದೇ ಕವಲು. ಮನೆ ಮನೆ ಅಲೆದವರು ತಂದ ಮಾಹಿತಿ ಬಹುಮಟ್ಟಿಗೆ ಸರಿಯಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಸಂಪರ್ಕವೇ ಗೊತ್ತಿಲ್ಲದ 24 ಜನರಲ್ಲಿ 11 ಮಂದಿಯದು ಬಿ.6 ಕವಲು. ಅದು ಆಗಲೇ ನಮ್ಮ ನಡುವೆ ಸದ್ದಿಲ್ಲದೆ ಹರಿದಾಡುತ್ತಿತ್ತು.

ಆ ಡಿಸೆಂಬರಿನಲ್ಲಿ ದೇಶದೆಲ್ಲೆಡೆಯ ವೈರಸ್ ಮಾದರಿಗಳನ್ನು ಹೀಗೆ ಓದಲು 10 ಪ್ರಯೋಗಾಲಯಗಳ ಇನ್ಸಾಕಾಗ್ ಜಾಲ ಹುಟ್ಟಿತು, ನಿಮ್ಹಾನ್ಸ್ ಅದರಲ್ಲೊಂದು. 2021ರ ಡಿಸೆಂಬರ್ 2ರಂದು ಪ್ರಕಟವಾದ ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳೂ ಬೆಂಗಳೂರಿನವು. ಆ ಇಬ್ಬರಲ್ಲಿ ಒಬ್ಬರು ವಿದೇಶಕ್ಕೇ ಹೋಗಿರಲಿಲ್ಲ.

ಅಷ್ಟರಲ್ಲಿ ಮನೆಯಲ್ಲೇ ಪರೀಕ್ಷಿಸಿಕೊಳ್ಳುವ ಕಿಟ್ ಬಂದು ಸೋಂಕಿತರ ಅಧಿಕೃತ ಲೆಕ್ಕ ಸೊರಗಿತ್ತು. 2022ರ ಮೊದಲ ಆರು ತಿಂಗಳು ವಿಜ್ಞಾನಿಗಳು ನಗರದ 28 ಕಡೆಯ ಕೊಳಚೆ ನೀರಿನಲ್ಲಿ, ಸುಮಾರು 1.1 ಕೋಟಿ ಜನರ ವೈರಸ್ಸನ್ನು ಹುಡುಕಿದರು. ಯಾರೂ ಪರೀಕ್ಷೆಗೆ ಹೋಗದಿದ್ದರೂ ಈ ನೀರು ರೂಪಾಂತರಿಯನ್ನು ತೋರಿಸುತ್ತದೆ. ಆದರೆ ಯಾರಿಂದ ಯಾರಿಗೆ ಎನ್ನುವುದನ್ನು ಅದು ಹೇಳಲಾರದು.

ಪ್ರಕರಣಗಳು ಸಾವಿರಗಟ್ಟಲೆಯಾದಾಗ ಬುಲೆಟಿನ್ನಿನಿಂದ ಆ ಸಂಪರ್ಕದ ಕಲಮು ಮಾಯವಾದದ್ದು ನನ್ನ ಪ್ರಕಾರ ದೊಡ್ಡ ನಷ್ಟ. ಸೀಕ್ವೆನ್ಸಿಂಗ್ ಯಂತ್ರವನ್ನು ದುಡ್ಡು ಕೊಟ್ಟು ತರಬಹುದು. ಆ ಕಲಮನ್ನು ತುಂಬಬೇಕಾದವರು ನಾವೇ. ಮುಂದೆ ಯಾವುದೇ ಸಾಂಕ್ರಾಮಿಕ ಜ್ವರ ಬಂದು ಆಶಾ ಕಾರ್ಯಕರ್ತೆ ಗೇಟಿನ ಮುಂದೆ ನಿಂತಾಗ, ದಯವಿಟ್ಟು ಸರಿಯಾದ ವಿಳಾಸವನ್ನೂ ಹೋಗಿಬಂದ ಊರಿನ ಹೆಸರನ್ನೂ ಮುಚ್ಚಿಡದೆ ಹೇಳಿ.