ಗಡಿನಾಡಿಗೆ ತಡವಾಗಿ ಬಂದ ಆಟಿಸಂ ಅರಿವು

ಎರಡು ವರ್ಷ ತುಂಬಿದರೂ ಮಗುವಿಗೆ ಮಾತು ಬಾರದಿದ್ದರೆ ಮನೆಯಲ್ಲಿ ಮೊದಲು ಹುಡುಕುವುದು ಬಜೆಯನ್ನು. ಅದನ್ನು ತೇಯ್ದು ನಾಲಿಗೆಗೆ ನೆಕ್ಕಿಸುವ ಪದ್ಧತಿ ಕರ್ನಾಟಕದ ಎಷ್ಟೋ ಕಡೆ ಇದೆ. ಜೊತೆಗೇ ಹಿರಿಯರ ಸಮಾಧಾನ: ಗಂಡುಮಕ್ಕಳಿಗೆ ಮಾತು ತಡ, ಇವನ ಸೋದರಮಾವನೂ ತಡವಾಗಿಯೇ ಮಾತಾಡಿದ್ದು. ಇನ್ನೂ ತಡವಾದರೆ ಹರಕೆ. ಆಂಧ್ರದ ಗಡಿಗೆ ಅಂಟಿಕೊಂಡ ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯವರಿಗೆ ಅದೇ ತಾಲ್ಲೂಕಿನ ವಿದುರಾಶ್ವತ್ಥ ದೂರವಲ್ಲ. ಸಂತಾನಕ್ಕಾಗಿ, ಮಕ್ಕಳ ಕ್ಷೇಮಕ್ಕಾಗಿ ತಲೆಮಾರುಗಳಿಂದ ಜನ ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಅಲ್ಲಿ ರಾಶಿಯಾಗಿ ನಿಂತಿವೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಮನಸ್ಸಿನ ಕಾಯಿಲೆ, ಗಾಳಿ ಸೋಂಕು ಎಂದು ನೊಂದವರನ್ನು ಹಿಂದೂಗಳೂ ಮುಸ್ಲಿಮರೂ ಕರೆತರುತ್ತಾರೆ.

ಇದನ್ನೆಲ್ಲ ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಹೆತ್ತವರಿಗೆ ಅನ್ಯಾಯವಾಗುತ್ತದೆ. ಪ್ರಶ್ನಿಸುವುದನ್ನು ಬದುಕಿಡೀ ಕಲಿಸಿದ ಎಚ್. ನರಸಿಂಹಯ್ಯನವರು ಹುಟ್ಟಿದ್ದು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, 1920ರಲ್ಲಿ. ಅವರ ದಾರಿಯಲ್ಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಆ ತಂದೆತಾಯಿಗೆ ತಟ್ಟಲು ಬೇರೆ ಬಾಗಿಲು ಯಾವುದಿತ್ತು?

ಬಹಳ ಕಾಲ ಯಾವುದೂ ಇರಲಿಲ್ಲ, ಬೇರೆ ದೇಶಗಳಲ್ಲೂ ಇರಲಿಲ್ಲ. ಒಂಟಿಯಾಗಿ ಆಡುವ, ಒಂದೇ ಕ್ರಮಕ್ಕೆ ಅಂಟಿಕೊಳ್ಳುವ ಮಕ್ಕಳ ಬಗ್ಗೆ ರಷ್ಯಾದ ವೈದ್ಯೆ ಗ್ರುನ್ಯಾ ಸುಖರೇವಾ 1925ರಲ್ಲೇ ಬರೆದಿದ್ದರೂ ಲೋಕ ಗಮನಿಸಲಿಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಲಿಯೊ ಕ್ಯಾನರ್ ಅಂಥ ಹನ್ನೊಂದು ಮಕ್ಕಳ ವಿವರ ಪ್ರಕಟಿಸಿದ ಮೇಲೆ ಆಟಿಸಂ ವೈದ್ಯಶಾಸ್ತ್ರದೊಳಗೆ ಬಂತು. ಆದರೆ ಅದರ ಬೆನ್ನಿಗೇ ಒಂದು ಕ್ರೂರ ತಪ್ಪೂ ಬಂತು. ತಾಯಿಗೆ ಮಮತೆ ಇಲ್ಲದ್ದರಿಂದ ಮಗು ಹೀಗಾಯಿತು ಎಂಬ ವಾದಕ್ಕೆ ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದರು. ಹತ್ತು ವರ್ಷದ ನಂತರ, 1977ರಲ್ಲಿ, ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟ್ಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿ ಆಟಿಸಂನ ಬೇರು ಅನುವಂಶೀಯತೆಯಲ್ಲಿದೆ ಎಂದು ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಬೆಟಲ್‌ಹೈಮ್ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ಮಗುವನ್ನು ಸರಿಯಾಗಿ ಮಾತಾಡಿಸಲಿಲ್ಲ ಎಂಬ ದೂರನ್ನು ತಾಯಿಯ ತಲೆಗೇ ಕಟ್ಟಲಾಗುತ್ತಿತ್ತು.

ಕರ್ನಾಟಕದಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರದು. ಮಾತು-ಭಾಷೆಯ ತಜ್ಞೆ ಪ್ರತಿಭಾ ಕಾರಂತ ಅವರು 2000ದಲ್ಲಿ ಬೆಂಗಳೂರಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ‘ಕಾಮ್ ಡೀಲ್’ ತರಬೇತಿ ರೂಪಿಸಿದರು.

ಅದೇ ವರ್ಷ ಈ ನೆಲದಿಂದ ಇನ್ನೊಂದು ದನಿ ಹೊರಟಿತು. ಬಾಲ್ಯವನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ, ಆಟಿಸಂ ಇರುವ ತಿತೊ ಮುಖೋಪಾಧ್ಯಾಯನ ಬರಹಗಳನ್ನು ಬ್ರಿಟನ್ನಿನ ರಾಷ್ಟ್ರೀಯ ಆಟಿಸ್ಟಿಕ್ ಸೊಸೈಟಿ ಪುಸ್ತಕವಾಗಿ ತಂದಿತು. ಮಾತು ತೀರ ಕಡಿಮೆಯಿದ್ದ ಆ ಹುಡುಗನಿಗೆ ತಾಯಿ ಸೋಮಾ ಅಕ್ಷರ ಕಲಿಸಿದ್ದರು. ಮುಂದೆ ಅಮೆರಿಕದಲ್ಲಿ ಆಕೆ ಬೇರೆ ಮಕ್ಕಳ ಮೇಲೆ ಬಳಸಿದ ವಿಧಾನಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು ಅನೇಕ ತಜ್ಞರು ಹೇಳುತ್ತಾರೆ, ಆ ಎಚ್ಚರಿಕೆ ಸರಿಯಾದದ್ದೇ. ಆದರೂ ಮಾತಾಡದ ಮಗುವಿನೊಳಗೆ ಏನೂ ಇಲ್ಲ ಎಂಬ ಹಳೆಯ ತೀರ್ಮಾನವನ್ನು ತಿತೊ ಅಲುಗಾಡಿಸಿದ.

ಕಾನೂನು ಇನ್ನೂ ನಿಧಾನ. ಅಂಗವಿಕಲರಿಗಾಗಿ 1995ರಲ್ಲಿ ಬಂದ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನು ಪಟ್ಟಿ ಮಾಡಿತು, ಅದರಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಸೇರಿಸಿಕೊಂಡಿತು. 2016ರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದಕ್ಕೆ ಪೂರ್ಣ ಸ್ಥಾನ ದೊರೆಯಿತು. ನಗರಗೆರೆಯ ಹಳ್ಳಿಯೊಂದರಲ್ಲಿ 1985ರಲ್ಲಿ ಹುಟ್ಟಿದ, ಆಟಿಸಂ ಇರುವವರನ್ನು ನೆನೆಯಿರಿ. ಮೊದಲ ಕಾಯ್ದೆ ಬಂದಾಗ ಅವರಿಗೆ ಹತ್ತು ವರ್ಷ, ಹಕ್ಕು ಕೈಗೆ ಬಂದಾಗ ಮೂವತ್ತೊಂದು. ಕಲಿಯುವ ವಯಸ್ಸು ಕಳೆದೇ ಹೋಗಿತ್ತು. ಅಂಥವರನ್ನು ಊರು ಮಂಕು, ಮೊಂಡ, ಮೂಗ ಎಂದು ಕರೆದು ಸುಮ್ಮನಾಯಿತು. ಈ ಇತಿಹಾಸದಲ್ಲಿ ಹೆಚ್ಚು ನೋಯಿಸುವ ಸಂಗತಿ ಇದೇ.

ಸಂಶೋಧನೆಯೂ ಬಹುಕಾಲ ಬಾಲ್ಯದಲ್ಲೇ ನಿಂತಿತ್ತು. ಪೆಟ್ರೀಷಿಯಾ ಹೌಲಿನ್ ಮತ್ತು ಸಂಗಡಿಗರು 2004ರಲ್ಲಿ, ಬಾಲ್ಯದಲ್ಲಿ ಆಟಿಸಂ ಗುರುತಿಸಲಾಗಿದ್ದ 68 ಮಂದಿ ದೊಡ್ಡವರಾದ ಮೇಲೆ ಹೇಗಿದ್ದಾರೆಂದು ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಸ್ವಂತ ಬದುಕು ಸಾಧ್ಯವಾಗಿರಲಿಲ್ಲ. ಆದರೆ ಕ್ಯಾನರ್ ವರದಿಯ ಮೊದಲ ಮಗು ಡೊನಾಲ್ಡ್ ಟ್ರಿಪ್ಲೆಟ್ ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಬ್ಯಾಂಕ್ ಕೆಲಸ ಮಾಡಿ, ಕಾರು ಓಡಿಸಿ, ಗಾಲ್ಫ್ ಆಡಿ, ದೇಶದೇಶ ಸುತ್ತಿ 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಮನೆಯವರಿಗೆ ಹಣವಿತ್ತು ನಿಜ. ಊರೂ ಅವರನ್ನು ತನ್ನವರೆಂದು ನೋಡಿಕೊಂಡಿತು.

ಈಚಿನ ಅಧ್ಯಯನಗಳು ಆಟಿಸಂ ಒಂದೇ ಅಚ್ಚಿನದಲ್ಲ ಎನ್ನುತ್ತಿವೆ. ‘ನೇಚರ್’ ಪತ್ರಿಕೆಯಲ್ಲಿ 2025ರಲ್ಲಿ ಬಂದ ಅಧ್ಯಯನದ ಪ್ರಕಾರ ಎಳವೆಯಲ್ಲೇ ಗುರುತಿಸಲಾದವರ ಮತ್ತು ಹದಿಹರೆಯದಲ್ಲೋ ಆಮೇಲೋ ಗುರುತಿಸಲಾದವರ ಅನುವಂಶೀಯ ಚಿತ್ರಗಳು ಬೇರೆ ಬೇರೆ. ಎರಡನೆಯ ಗುಂಪಿನವರಲ್ಲಿ ತೊಂದರೆಗಳು ಹದಿಹರೆಯದಲ್ಲಿ ಹೆಚ್ಚುತ್ತವೆ, ಖಿನ್ನತೆಯಂಥ ಕಷ್ಟಗಳ ಜೊತೆ ನಂಟೂ ಹೆಚ್ಚು. ಚಿಕ್ಕಂದಿನಲ್ಲಿ ಚೆನ್ನಾಗಿಯೇ ಇದ್ದ, ಹೈಸ್ಕೂಲಿಗೆ ಬಂದ ಮೇಲೆ ಹೀಗಾದ ಎನ್ನುವ ಹೆತ್ತವರ ಮಾತನ್ನು ವೈದ್ಯರು ಇನ್ನಾದರೂ ಗಂಭೀರವಾಗಿ ಕೇಳಿಸಿಕೊಳ್ಳಬೇಕು.

ಆಂಧ್ರಕ್ಕೆ ಅಂಟಿಕೊಂಡ ಈ ಗಡಿಗೆ ಇನ್ನೊಂದು ಸಂಗತಿ ವಿಶೇಷವಾಗಿ ಮುಖ್ಯ. ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯದು ಕನ್ನಡ. ಮಗುವಿಗೆ ಗೊಂದಲವಾಗುತ್ತದೆ, ಒಂದೇ ಭಾಷೆ ಆಡಿ ಎಂಬ ಸಲಹೆ ತಾಯಂದಿರಿಗೆ ಸಿಗುವುದುಂಟು. ಎರಡು ಭಾಷೆಯ ನಡುವೆ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತು ಹೆಚ್ಚು ಹಿಂದೆ ಬೀಳುವುದಿಲ್ಲ ಎಂದು ಹಲವು ಅಧ್ಯಯನಗಳು ಹೇಳಿವೆ. ತಾಯಿ ತನ್ನ ನಾಲಿಗೆಯ ಮೇಲಿರುವ ತೆಲುಗಿನಲ್ಲೇ ಲಾಲಿ ಹಾಡಬಹುದು.

ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ ಎಂಬುದಕ್ಕೂ ಪುರಾವೆ ಇದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ 65 ಮಕ್ಕಳ ಮೇಲೆ ನಡೆದು 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಹೆತ್ತವರಿಗೆ ಮಗುವಿನೊಡನೆ ಒಡನಾಡುವ ರೀತಿ ಕಲಿಸಿದರು. ಮಕ್ಕಳು ತಾವಾಗಿ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ಆಶಾ, ಅಂಗನವಾಡಿ ಕಾರ್ಯಕರ್ತೆಯರಿರುವ ಯಾವ ಹೋಬಳಿಯಲ್ಲೂ ಇದನ್ನು ಪ್ರಯತ್ನಿಸಬಹುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಹದಿನೆಂಟರವರೆಗಿನ ಮಕ್ಕಳ ತಪಾಸಣೆಯನ್ನು ಆರೋಗ್ಯ ತಂಡ ನಡೆಸುತ್ತದೆ. ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದ, ಒಂದೂವರೆಯಾದರೂ ಬೆರಳು ಮಾಡಿ ತೋರಿಸದ ಮಗು ಮನೆಯಲ್ಲಿದ್ದರೆ ಆ ತಂಡಕ್ಕೆ ತೋರಿಸಿ. ಹರಕೆ ತೀರಿಸುವುದಿದ್ದರೆ ತೀರಿಸಿ, ಆದರೆ ಅದಕ್ಕಾಗಿ ತಪಾಸಣೆಯನ್ನು ಮುಂದೂಡಬೇಡಿ. ಮನೆಯಲ್ಲಿ ಮೂವತ್ತು ನಲವತ್ತು ದಾಟಿದ, ಯಾರೂ ಪರೀಕ್ಷಿಸದ ಅಣ್ಣನೋ ಅಕ್ಕನೋ ಇದ್ದರೆ ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2016ರ ಕಾಯ್ದೆಗೆ ವಯಸ್ಸಿನ ಮಿತಿಯಿಲ್ಲ.