ಹುಳಿನೀರಿನಲ್ಲಿ ಅಪ್ಪನ ಉಳಿ

ಡೊಂಬಿವಲಿಯ ಹಳೆಯ ಖೋಲಿ ಖಾಲಿ ಮಾಡುವಾಗ ಅಟ್ಟದಿಂದ ಅಪ್ಪನ ಗೋಣಿಚೀಲ ಇಳಿಸಿದೆ. ಎರಡು ಉಳಿ, ಒಂದು ಬಾಚಿ, ರಂದಾದ ಅಲಗು. ಹದಿನಾಲ್ಕು ಮಳೆಗಾಲದ ತುಕ್ಕು. ದೊಡ್ಡ ಉಳಿ ಅಪ್ಪ ಚೋರ್ ಬಜಾರಿನಲ್ಲಿ ಕೊಂಡದ್ದು. ಅದರ ಮೇಲೆ ‘ಕಾಸ್ಟ್ ಸ್ಟೀಲ್’ ಎಂಬ ಇಂಗ್ಲಿಷ್ ಅಚ್ಚಿತ್ತು. ಈಗ ಅದು ಬೆರಳಿಗೆ ಮಾತ್ರ ಸಿಗುತ್ತಿತ್ತು, ಕಣ್ಣಿಗಲ್ಲ.

ಅವಸರ ನನ್ನದು. ಸಂಡಾಸು ತೊಳೆಯುವ ಆಸಿಡ್ಡನ್ನು ಡಬ್ಬಿಗೆ ಸುರಿದು ದೊಡ್ಡ ಉಳಿಯನ್ನು ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ತುಕ್ಕು ಇರಲಿಲ್ಲ, ಅಚ್ಚೂ ಇರಲಿಲ್ಲ. ಮೈಯೆಲ್ಲ ಬೂದು ಬಣ್ಣ, ಸಿಡುಬಿನ ಕಲೆಯಂಥ ಗುಳಿಗಳು. ಅದರ ಹೊಗೆಗೆ ಬಾಲ್ಕನಿಯ ಗ್ರಿಲ್ ಕೂಡ ಕೆಂಪಾಗಿತ್ತು.

“ನಿನ್ನ ಅಪ್ಪ ಹುಣಸೆಹುಳಿ ಹಚ್ಚಿ ಇಡ್ತಿದ್ರು. ನೀನು ಈ ಸಂಡಾಸಿನ ನೀರು ಎಂತಕ್ಕೆ ಹಾಕಿದ್ದು?” ಎಂದು ಅಮ್ಮ ಕೇಳಿದಳು. ಉತ್ತರವಿರಲಿಲ್ಲ. ಓದಲು ಕುಳಿತೆ.

ಅಡುಗೆಮನೆಯ ಹುಳಿಯಿಂದ ಕಬ್ಬಿಣ ತೊಳೆಯುವುದು ಬಡವರ ಉಪಾಯ ಎಂದುಕೊಂಡಿದ್ದೆ. ಹಾಗಲ್ಲ, ಒಂದು ಕಾಲಕ್ಕೆ ದೊಡ್ಡ ಕಾರಖಾನೆಗಳ ವಿಧಾನವೇ ಅದು. 18ನೆಯ ಶತಮಾನದ ಯುರೋಪಿನಲ್ಲಿ ಕಬ್ಬಿಣದ ತಗಡಿಗೆ ತವರ ಹಚ್ಚುವವರಿಗೆ ತುಕ್ಕು ಮತ್ತು ಕುಲುಮೆಯ ಕರಿಪೊರೆ ದೊಡ್ಡ ತಲೆನೋವು. ಅವು ಹೋಗದೆ ತವರ ಹಿಡಿಯದು. ಅವರು ತಗಡುಗಳನ್ನು ನೆನೆಹಾಕುತ್ತಿದ್ದದ್ದು ಬೂಸಾ ಅಥವಾ ರೈ ಹಿಟ್ಟು ಕಲಸಿ ಹುಳಿಬರಿಸಿದ ನೀರಿನಲ್ಲಿ. ಊರಲ್ಲಿ ಹಸುವಿಗೆ ಇಡುವ ಕಲಗಚ್ಚಿನ ಬಳಗವೇ ಅನ್ನಿ. ಆಮೇಲೆ ಮರಳು ಹಾಕಿ ತಿಕ್ಕುತ್ತಿದ್ದರು.

1746ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ರೋಬಕ್ ಗಾಜಿನ ಪಾತ್ರೆ ಬಿಟ್ಟು ಸೀಸದ ಕೋಣೆಗಳಲ್ಲಿ ಗಂಧಕಾಮ್ಲ ತಯಾರಿಸತೊಡಗಿದ. ಆಮ್ಲ ಅಗ್ಗವಾಯಿತು. ಕ್ರಮೇಣ ಹುಳಿನೀರಿನ ತೊಟ್ಟಿಗಳಿಗೆ ಅದೇ ಬಂತು, ಕೆಲಸ ಬೇಗ ಮುಗಿಯತೊಡಗಿತು.

ಆದರೆ ಬಿರುಸಾದ ಆಮ್ಲಕ್ಕೆ ತುಕ್ಕು ಮುಗಿದದ್ದು ಗೊತ್ತಾಗುವುದಿಲ್ಲ. ಕಬ್ಬಿಣವನ್ನೂ ತಿನ್ನುತ್ತದೆ. ಆಗ ಏಳುವ ಗುಳ್ಳೆಗಳು ಜಲಜನಕ. ಎಲ್ಲವೂ ಗಾಳಿಗೆ ಹೋಗುವುದಿಲ್ಲ, ಸ್ವಲ್ಪ ಲೋಹದೊಳಗೇ ಇಳಿಯುತ್ತದೆ. 1875ರಲ್ಲಿ ವಿಲಿಯಂ ಜಾನ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನೇ ಬರೆದು ತಿಳಿಸಿದ. ಕೆಲವೇ ನಿಮಿಷ ಆಮ್ಲದಲ್ಲಿ ಅದ್ದಿದ ತಂತಿ ಬಗ್ಗಿಸಿದರೆ ಮುರಿಯುತ್ತದೆ, ಮುರಿದ ಬಾಯಿಯನ್ನು ಒದ್ದೆ ಮಾಡಿದರೆ ನೊರೆ ಬರುತ್ತದೆ, ಕೆಲವು ದಿನ ಬಿಟ್ಟರೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಉಳಿಯ ಬಾಯಿಯಂಥ ಗಡುಸಾದ ಉಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. ಓದುವಾಗ ಮೇಜಿನ ಮೇಲಿದ್ದ ಉಳಿಯ ಕಡೆ ನೋಡಲಾಗಲಿಲ್ಲ.

ಹುಣಸೆಯಲ್ಲಿರುವುದು ಮುಖ್ಯವಾಗಿ ಟಾರ್ಟಾರಿಕ್ ಆಮ್ಲ. ನಾನು ಎರಡನೆಯ ಉಳಿಗೆ ತಂದದ್ದು ಅದರ ನೆಂಟ, ಕಿರಾಣಿ ಅಂಗಡಿಯ ‘ನಿಂಬು ಕೇ ಫೂಲ್’, ಅಂದರೆ ಸಿಟ್ರಿಕ್ ಆಮ್ಲ. 1784ರಲ್ಲಿ ಸ್ವೀಡನ್ನಿನ ಶೀಲೆ ಇದನ್ನು ನಿಂಬೆರಸದಿಂದ ಹರಳಾಗಿ ಬೇರ್ಪಡಿಸಿದ್ದ. ಈಗಿನದರಲ್ಲಿ ನಿಂಬೆಯ ಸುಳಿವೂ ಇಲ್ಲ. ಈರುಳ್ಳಿ ಸಿಪ್ಪೆಯ ಮೇಲೆ ಕಾಣುವ ಕರಿಬೂಷ್ಟಿನ ಜಾತಿಯೊಂದಕ್ಕೆ ಸಕ್ಕರೆ ಉಣಿಸಿ ಇದನ್ನು ತೆಗೆಯಬಹುದೆಂದು ಜೇಮ್ಸ್ ಕರಿ 1917ರಲ್ಲಿ ತೋರಿಸಿದ. ಎರಡು ವರ್ಷದಲ್ಲಿ ಅಮೆರಿಕದ ಫೈಜರ್ ಕಂಪನಿ ಆ ದಾರಿಯಲ್ಲಿ ತಯಾರಿಕೆ ಆರಂಭಿಸಿತು. ಅದಕ್ಕೂ ಮೊದಲು ಜಗತ್ತು ಇಟಲಿಯ ನಿಂಬೆತೋಟಗಳನ್ನೇ ನೆಚ್ಚಿತ್ತು.

ಒಂದು ಲೀಟರ್ ನೀರಿಗೆ 50 ಗ್ರಾಂ. ಈ ಸಲ ಪಕ್ಕದಲ್ಲೇ ಸ್ಟೂಲ್ ಹಾಕಿ ಕುಳಿತೆ. ಅರ್ಧ ಗಂಟೆಗೊಮ್ಮೆ ಎತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮತ್ತೆ ಇಳಿಸಿದೆ. ಮೂರು ತಾಸಿಗೆ ಸಾಕೆನಿಸಿತು. ಅಡುಗೆ ಸೋಡಾದ ನೀರಿನಲ್ಲಿ ಅದ್ದಿ ತೊಳೆದು ತಕ್ಷಣ ಒರೆಸಬೇಕು. ಮುಂಬಯಿಯ ಜುಲೈನಲ್ಲಿ ಬೆತ್ತಲೆ ಕಬ್ಬಿಣ ನೋಡುತ್ತಿದ್ದಂತೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ.

ಸಣ್ಣ ಉಳಿಯಲ್ಲಿ ಕಂಪನಿಯ ಅಚ್ಚಿರಲಿಲ್ಲ. ಹಿಡಿಯ ಬುಡದಲ್ಲಿ ಮೊನಚಾದ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ‘ವಾ’ ಕಂಡಿತು. ಅಪ್ಪನ ಹೆಸರಿನ ಮೊದಲ ಅಕ್ಷರ. ಕೆಲಸದ ಜಾಗದಲ್ಲಿ ಬೇರೆಯವರ ಉಳಿಯೊಂದಿಗೆ ಅದಲುಬದಲಾಗದಿರಲೆಂದು ಹಾಕಿಕೊಂಡಿರಬೇಕು. ಸುತ್ತ ಇದ್ದ ಗುಜರಾತಿ, ಮರಾಠಿ ಬಡಗಿಗಳಿಗೆ ಅದು ಬರೀ ಗುರುತು.

ಅಮ್ಮ ಅದನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿ ತೆಂಗಿನೆಣ್ಣೆಯ ಬಾಟಲಿ ಮುಂದೆ ತಳ್ಳಿದಳು.