ಕರಿಯ ಕಂಬಳಿಯ ಎಳೆ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಗೊರವರ ಕರಿಯ ಕಂಬಳಿ. ಆ ಕರಿದು ಬಣ್ಣ ಹಾಕಿ ಬಂದದ್ದಲ್ಲ. ದಖ್ಖನಿ ಕುರಿ ಹುಟ್ಟಿನಿಂದಲೇ ತಂದದ್ದು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಮಳೆ ನೆಚ್ಚಲಾಗದ ನೆಲದಲ್ಲಿ ಕುರುಬರ ಬಾಳು ನಿಂತದ್ದು ಆ ಕುರಿಯನ್ನೇ ನಂಬಿ.

ಕುರಿಗಾರನಿಗೆ ಕಂಬಳಿಯೇ ಹಾಸಿಗೆ, ಕಂಬಳಿಯೇ ಹೊದಿಕೆ. ಮಳೆಗೆ ಕೊಪ್ಪೆ, ಪೂಜೆಗೆ ಗದ್ದುಗೆ. ರಾತ್ರಿ ಮಂದೆ ನಿಂತ ಹೊಲಕ್ಕೆ ಗೊಬ್ಬರ, ಅವನಿಗೆ ಕಾಳು. ನಾಣ್ಯದ ಹಂಗು ಕಡಿಮೆ. ಹಾಗೆಂದು ಆ ಬಾಳನ್ನು ಸುಖವೆಂದು ಹೊಗಳಲಾರೆ. 1876–78ರ ಬರ ಬಳ್ಳಾರಿ ಜಿಲ್ಲೆಯಲ್ಲಿ ಜನವನ್ನೂ ಜಾನುವಾರನ್ನೂ ಒಟ್ಟಿಗೇ ನುಂಗಿತು.

ಉಣ್ಣೆಯನ್ನು ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ನೂಲುವರು. ಹುಣಿಸೆ ಬೀಜದ ಗಂಜಿಯನ್ನು ಹಾಸಿನ ನೂಲಿಗೆ ಬಳಿದು ಬಿಗಿಗೊಳಿಸಿ, ಗಂಡಸರು ಕುಣಿಮಗ್ಗದಲ್ಲಿ ನೇಯುವರು. ಕೂಡ್ಲಿಗಿಯ ಹತ್ತಿರದ ಹಟ್ಟಿಯೊಂದರಲ್ಲಿ ಅಜ್ಜಿಯೊಬ್ಬರ ಬಳಿ ನಾನೂ ನೂಲಲು ಕುಳಿತೆ. ನನ್ನ ಎಳೆ ಮೊಳ ದಾಟುವ ಮುನ್ನವೇ ಕಡಿಯಿತು. ಮತ್ತೆ ಹಿಡಿದೆ, ಮತ್ತೆ ಕಡಿಯಿತು. “ಜಗ್ಗಬ್ಯಾಡಪ್ಪ, ಸಡ್ಲ ಬಿಡು. ಉಣ್ಣಿ ತಾನ ಬರ್ತೈತಿ,” ಎಂದರು ಅಜ್ಜಿ.

ಅವರ ಮೊಮ್ಮಗನ ಮಂದೆಯಲ್ಲಿ ಈಗ ಉಣ್ಣೆಯಿಲ್ಲದ ಮಾಂಸದ ಕುರಿಗಳು. ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟದೆಂದು ಆತ ಹೇಳಿದ. ಅವನನ್ನು ದೂರಲಾರೆ. ಆದರೆ ಬಿಲ್ಲನ್ನೂ ಮಗ್ಗವನ್ನೂ ವಸ್ತುಸಂಗ್ರಹಾಲಯದಲ್ಲಿ ಕಾಪಿಡಬಹುದು. ಎಳೆಯನ್ನು ಎಲ್ಲಿ ಸಡಿಲಬಿಡಬೇಕೆಂಬ ತಿಳಿವು ಬೆರಳಿನಿಂದ ಬೆರಳಿಗೇ ದಾಟಬೇಕು. ಅಜ್ಜಿಗೆ ಎಂಬತ್ತು ದಾಟಿದೆ. ಬರುವ ತಿಂಗಳು ಮತ್ತೆ ಹೋಗಿ ಕೂರುವವನಿದ್ದೇನೆ.